ಸ್ನೋ ಬಿದ್ದು ಸ್ಕೂಲ್ ರಜೆ ಅಂದಾಗ ಮಕ್ಕಳನ್ನ ಯಾರ ಹತ್ರ ಬಿಡ್ತೀರಾ? ಬಾಸ್ಟನ್ ಕಡೆ ಹೊರಟಿರೋ ನಮ್ಮ ಬೆಂಗಳೂರಿನವರಿಗೆ

ನಿನ್ನೆ ಸಾಯಂಕಾಲ ನಾಲ್ಕು ಗಂಟೆ ಇರ್ಬೇಕು, ಗಿರಿನಗರದಲ್ಲಿ ಅಮ್ಮನ ಮನೇಲಿ ಡಿಕಾಕ್ಷನ್ ಇಳೀತಾ ಇತ್ತು, ಅಷ್ಟರಲ್ಲಿ ನನ್ನ ಫೋನ್ ಹೊಡ್ಕೊಳ್ತು. ಎತ್ತಿದ್ರೆ ಬಾಸ್ಟನ್ ಹತ್ರ ನಾವಿರೋ ಊರಿನ ಸ್ಕೂಲಿಂದ ರೆಕಾರ್ಡ್ ಮಾಡಿರೋ ಕಾಲ್, ಸ್ನೋ ಜಾಸ್ತಿ ಇರೋದ್ರಿಂದ ಇವತ್ತು ನಮ್ಮೂರಿನ ಎಲ್ಲಾ ಸ್ಕೂಲಿಗೂ ರಜೆ ಅಂತ. ಅಲ್ಲಿ ಆಗ ಬೆಳಗಿನ ಜಾವ ಐದೂವರೆ. ನಾನು ಇಲ್ಲಿ, ಯಜಮಾನರದ್ದು ಲ್ಯಾಬ್ ಕೆಲಸ, ಮನೇಲಿ ಕೂತು ಮಾಡೋ ಹಾಗಿಲ್ಲ. ಹತ್ತು ನಿಮಿಷಕ್ಕೆ ಅವರ ಮೆಸೇಜ್ ಬಂತು, ಮಕ್ಕಳಿಬ್ಬರೂ ಹಿಂದಿನ ಬೀದಿ ಮನೆಗೆ ಹೋಗ್ತಾರೆ, ಡಬ್ಬಿಗೆ ಚಿತ್ರಾನ್ನ ಕಲಸ್ತಾ ಇದೀನಿ ಅಂತ. ನಾನು ನೆಮ್ಮದಿಯಾಗಿ ಕಾಫಿ ಕುಡಿದೆ.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ನಮ್ಮ ಮೇಲಿನ ಮನೆ ಹುಡುಗಿ ಇನ್ನೊಂದು ತಿಂಗಳಲ್ಲಿ ಗಂಡನ ಜೊತೆ ಬಾಸ್ಟನ್ ಹತ್ರ ಹೊರಟಿದಾಳೆ, ಆರು ವರ್ಷದ್ದೊಂದು ಎರಡು ವರ್ಷದ್ದೊಂದು ಮಕ್ಕಳು. ನಾನು ಇಲ್ಲಿಗೆ ಬಂದಾಗಿಂದ ನನ್ನನ್ನ ಕೇಳ್ತಿರೋದು ಒಂದೇ, ಅಕ್ಕಾ ಸ್ವೆಟರ್ ಇಲ್ಲೇ ತಗೊಳ್ಳಲಾ, ಜಾಕೆಟ್ ಯಾವುದು, ಮಂಕಿ ಕ್ಯಾಪ್ ಬೇಕಾ. ಬಟ್ಟೆ ಅಲ್ಲಿ ಸಿಗತ್ತೆ ಕಣಮ್ಮ. ನೀನು ಯೋಚನೆ ಮಾಡ್ಬೇಕಾಗಿರೋದು ಐದೂವರೆಗೆ ಫೋನ್ ಬಂದಾಗ ಮಕ್ಕಳನ್ನ ಯಾರ ಮನೆಗೆ ಕಳಿಸ್ತೀಯಾ ಅನ್ನೋದನ್ನ. ಇಲ್ಲಿ ನಾವು ಅದನ್ನ ಯೋಚನೆ ಮಾಡಿದೋರೇ ಅಲ್ಲ. 2024ರ ಅಕ್ಟೋಬರಲ್ಲಿ ಮಳೆ ಹೊಯ್ದಾಗ ಡಿಸಿ ರಜೆ ಕೊಟ್ರು, ವಾಟ್ಸಾಪಲ್ಲಿ ಬಂತು, ಇಲ್ಲಿನ ಮಕ್ಕಳು ಅಜ್ಜಿ ಹತ್ರ ಇದ್ವು, ಅಜ್ಜಿ ಇಲ್ದಿದ್ರೆ ಕೆಳಗಿನ ಮನೆ ಆಂಟಿ, ಅದೂ ಇಲ್ಲ ಅಂದ್ರೆ ಕೆಲಸದಮ್ಮ ಸ್ವಲ್ಪ ಹೊತ್ತು ಇರ್ತಿದ್ರು. ಯಾರನ್ನೂ ಮುಂಚೆ ಕೇಳಿಟ್ಟಿರಲಿಲ್ಲ. ಅಲ್ಲಿ ಮುಂಚೆ ಕೇಳಿಡ್ಲೇಬೇಕು, ಕೇಳಿದ್ದಷ್ಟೇ ಸಾಲದು, ಸ್ಕೂಲಲ್ಲಿ ಬರೆದೂ ಕೊಡ್ಬೇಕು.

ಮೊದಲು ರಜೆ ಹೇಗೆ ಕೊಡ್ತಾರೆ ಅಂತ ತಿಳ್ಕೊಳ್ಳಿ. ಇಲ್ಲಿ ಥರ ಇಡೀ ಜಿಲ್ಲೆಗೆ ಒಂದೇ ಆರ್ಡರ್ ಅಲ್ಲ. ಬಾಸ್ಟನ್ ಇರೋ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸಾಮಾನ್ಯವಾಗಿ ಒಂದೊಂದು ಊರಿಗೂ ಅದರದ್ದೇ ಸ್ಕೂಲ್ ಡಿಸ್ಟ್ರಿಕ್ಟ್, ಅದಕ್ಕೊಬ್ಬ ಸೂಪರಿಂಟೆಂಡೆಂಟ್, ರಸ್ತೆ ಕ್ಲೀನ್ ಆಗಿದೆಯಾ ಬಸ್ ಓಡ್ತಾವಾ ಅಂತ ವಿಚಾರಿಸಿ ಅವರೇ ಡಿಸೈಡ್ ಮಾಡ್ತಾರೆ. ಪಕ್ಕದ ಊರಿಗೆ ರಜೆ ಇದ್ದು ನಿಮಗಿಲ್ಲದೇ ಇರಬಹುದು, ಆಫೀಸ್ ಇರೋ ಊರಲ್ಲಿ ಹೂವಿನಷ್ಟು ಸ್ನೋ, ಮನೆ ಇರೋ ಊರಲ್ಲಿ ಮೊಣಕಾಲುದ್ದ. ಟೀವೀಲಿ ಕೆಳಗಡೆ ಊರುಗಳ ಹೆಸರು ಓಡ್ತಾ ಇರತ್ತೆ, ಆದ್ರೆ ಅದನ್ನ ನಂಬ್ಕೊಂಡು ಕೂರೋದಕ್ಕಿಂತ ಸ್ಕೂಲಿಗೆ ಕೊಟ್ಟಿರೋ ನಂಬರ್ ಸರಿ ಇದೆಯಾ ನೋಡಿ. ಹೊಸದಾಗಿ ಹೋದೋರು ಎಷ್ಟೋ ಜನ ಅಡ್ಮಿಷನ್ ಫಾರಂಗೆ ಇಂಡಿಯಾ ನಂಬರ್ ಬರೆದು ಮರೆತುಬಿಡ್ತಾರೆ, ಅಲ್ಲಿನ ಸಿಮ್ ಬಂದ ದಿನವೇ ಬದಲಾಯಿಸಿ, ಗಂಡ ಹೆಂಡತಿ ಇಬ್ಬರದ್ದೂ ಕೊಡಿ.

ಪೂರ್ತಿ ರಜೆ ಆದ್ರೆ ಒಂದು ಥರ ಸುಲಭ. ಕಷ್ಟ ಕೊಡೋದು ಎರಡು ಗಂಟೆ ಡಿಲೇ ಮತ್ತೆ ಅರ್ಲಿ ಡಿಸ್ಮಿಸಲ್. ಡಿಲೇ ಅಂದ್ರೆ ಬಸ್ಸೂ ಎರಡು ಗಂಟೆ ತಡ, ಸ್ಕೂಲಿಗೆ ಮುಂಚೆ ಮಕ್ಕಳನ್ನ ಬಿಡೋ ಪ್ರೋಗ್ರಾಂ ಅವತ್ತು ಇರತ್ತೋ ಇಲ್ವೋ ಅದನ್ನೂ ಕೇಳಿಟ್ಕೋಬೇಕು. ಅರ್ಲಿ ಡಿಸ್ಮಿಸಲ್, ಅಂದ್ರೆ ಸ್ಕೂಲ್ ಮಧ್ಯದಲ್ಲೇ ಬಿಟ್ಬಿಡೋದು, ಇನ್ನೂ ಕಷ್ಟ, ಮಕ್ಕಳು ಸ್ಕೂಲಿಗೆ ಹೋಗಿಯಾಗಿರತ್ತೆ, ನೀವು ಆಫೀಸಲ್ಲಿರ್ತೀರಾ, ಸ್ಕೂಲ್ ಮುಗಿದ ಮೇಲೆ ಮಕ್ಕಳನ್ನ ನೋಡ್ಕೊಳ್ಳೋ ಆಫ್ಟರ್ ಸ್ಕೂಲೂ ಸಾಮಾನ್ಯವಾಗಿ ಅವತ್ತು ಕ್ಯಾನ್ಸಲ್.

ನನಗೆ ಇದು ತಾಗಿದ್ದು 2018ರ ಮಾರ್ಚಲ್ಲಿ. ಆ ತಿಂಗಳು ಮೂರು ವಾರದಲ್ಲಿ ನಾಲ್ಕು ನಾರ್‌ಈಸ್ಟರ್ ಬಂದ್ವು, ಸಮುದ್ರದ ಕಡೆಯಿಂದ ಬರೋ ಬಿರುಗಾಳಿ ಅದು. ಮಗಳು ಆಗ ಕಿಂಡರ್‌ಗಾರ್ಟನ್. ಬೆಳಿಗ್ಗೆ ಹತ್ತೂವರೆಗೆ ಸ್ಕೂಲಿಂದ ಮೆಸೇಜ್ ಬಂದಿದೆ, ಹನ್ನೆರಡಕ್ಕೆ ಬಿಡ್ತೀವಿ ಅಂತ, ನಾನು ಮೀಟಿಂಗಲ್ಲಿ, ಫೋನ್ ಸೈಲೆಂಟ್. ಅಷ್ಟು ಚಿಕ್ಕ ಮಕ್ಕಳನ್ನ ಸ್ಟಾಪಲ್ಲಿ ದೊಡ್ಡೋರು ಯಾರೂ ಇಲ್ದಿದ್ರೆ ಇಳಿಸಲ್ಲ, ಬಸ್ಸು ಅವಳನ್ನ ವಾಪಸ್ ಸ್ಕೂಲಿಗೆ ಕರ್ಕೊಂಡು ಹೋಯ್ತು. ನನ್ನ ಗೆಳತಿಯೊಬ್ಬಳು, ನಮ್ಮ ಹಾಸನದ ಕಡೆಯವಳು, ವಿಷಯ ಗೊತ್ತಾಗಿ ಆ ಸ್ನೋದಲ್ಲೇ ಕಾರ್ ಓಡಿಸ್ಕೊಂಡು ಹೋದ್ಲು, ಆದ್ರೆ ಮಗುನ ಯಾರ್ಯಾರು ಕರ್ಕೊಂಡು ಹೋಗಬಹುದು ಅಂತ ಸ್ಕೂಲಿಗೆ ಕೊಟ್ಟಿರೋ ಪಿಕಪ್ ಲಿಸ್ಟಲ್ಲಿ ಅವಳ ಹೆಸರು ಇರಲಿಲ್ಲ, ಮಗುನ ಕಳಿಸಲಿಲ್ಲ. ಸ್ಕೂಲಿನವರು ಮಾಡಿದ್ದು ಸರಿ, ಯಾರೋ ಬಂದು ಕೇಳಿದ್ರೆ ಮಗು ಕೊಟ್ಟು ಕಳಿಸ್ಬಾರದು. ನಾನು ಹೋಗೋ ಹೊತ್ತಿಗೆ ಎರಡೂವರೆ ಆಗಿತ್ತು. ಆಫೀಸ್ ರೂಮಿನ ಬೆಂಚಿನ ಮೇಲೆ ಸ್ನೋ ಪ್ಯಾಂಟು, ಟೋಪಿ, ಜಾಕೆಟ್ ಎಲ್ಲಾ ಹಾಕ್ಕೊಂಡೇ ಕೂತಿದ್ಲು, ಎಡದ ಬೂಟು ಬಲಕ್ಕೆ ಬಲದ್ದು ಎಡಕ್ಕೆ, ಕೆನ್ನೆಯೆಲ್ಲಾ ಬೆವರಿ ಕೆಂಪಾಗಿತ್ತು, ಬ್ಯಾಗು ಬೆನ್ನ ಮೇಲಿಂದ ಇಳಿಸೇ ಇರಲಿಲ್ಲ, ಅಮ್ಮ ಬಂದ ತಕ್ಷಣ ಹೊರಡ್ಬೇಕಲ್ವಾ ಅಂತ. ಅವತ್ತು ರಾತ್ರೀನೇ ಕೂತು ಫಾರಂ ತುಂಬಿಸ್ದೆ, ಮೂರು ಮನೆಯವರ ಹೆಸರು, ನಂಬರು. ಲೈಸೆನ್ಸೋ ಏನಾದ್ರೂ ಫೋಟೋ ಐಡಿನೋ ತೋರಿಸಿದ್ರೆನೇ ಮಗುನ ಕಳಿಸೋದು, ಆ ಮೂರು ಮನೆಯವರಿಗೂ ಇದನ್ನ ಹೇಳಿದೀನಿ.

ಈ ಮೂರು ಮನೆ ಹೇಗಿರ್ಬೇಕು ಅಂದ್ರೆ, ಒಂದಾದ್ರೂ ನಡ್ಕೊಂಡು ಹೋಗೋ ದೂರದಲ್ಲಿರ್ಬೇಕು, ಯಾಕಂದ್ರೆ ಅವತ್ತು ಕಾರ್ ತೆಗೆಯೋಕೇ ಆಗದೇ ಇರಬಹುದು. ಅದು ಕನ್ನಡದವರ ಮನೇನೇ ಆಗ್ಬೇಕು ಅಂತ ಕಾಯ್ಕೊಂಡು ಕೂರ್ಬೇಡಿ. ಕನ್ನಡ ಕೂಟಕ್ಕೆ ಖಂಡಿತ ಸೇರಿ, ನಮಗೆ ಸಿಕ್ಕ ಒಳ್ಳೆ ಸ್ನೇಹ ಎಲ್ಲಾ ಅಲ್ಲಿಂದಲೇ, ಆದ್ರೆ ಕೂಟದ ಗೆಳೆಯರು ಇಪ್ಪತ್ತು ಮೈಲಿ ಆಚೆ ಇರ್ತಾರೆ. ನಮ್ಮ ಹಿಂದಿನ ಬೀದಿ ಮನೆಯವರು ರಿಟೈರ್ಡ್ ಟೀಚರ್, ಅಲ್ಲೇ ಹುಟ್ಟಿ ಬೆಳೆದೋರು. ಪರಿಚಯ ಆಗಿದ್ದು ನಾನು ದೀಪಾವಳಿಗೆ ಒಂದು ಡಬ್ಬಿ ಕೋಡುಬಳೆ ತಗೊಂಡು ಹೋಗಿ ಬಾಗಿಲು ತಟ್ಟಿದ್ರಿಂದ. ನಿಮಗೂ ಅದನ್ನೇ ಹೇಳ್ತೀನಿ, ಸ್ನೋ ಶುರುವಾಗೋ ಮುಂಚೆ ಅಕ್ಕಪಕ್ಕದ ಬಾಗಿಲು ತಟ್ಟಿ, ಸಂಕೋಚ ಬೇಡ.

ದುಡ್ಡಿನ ವಿಷಯ ಒಂದಿದೆ. ಗಂಡನ ಎಚ್-1ಬಿ ಕೆಲಸದ ವೀಸಾ ಜೊತೆ ಹೆಂಡತಿಗೆ ಸಿಗೋ ಎಚ್-4ನಲ್ಲಿ ಬಂದಿರೋ ಹೆಣ್ಮಕ್ಕಳು ಮನೇಲೇ ಇರ್ತಾರೆ ಅಂತ, ಅವರಿಗೆ ದಿನಕ್ಕಿಷ್ಟು ಅಂತ ಕೊಟ್ಟು ಮಕ್ಕಳನ್ನ ಬಿಡೋದು ನಮ್ಮವರಲ್ಲಿ ಇದೆ. ಇಎಡಿ, ಅಂದ್ರೆ ಕೆಲಸ ಮಾಡೋಕೆ ಸರ್ಕಾರ ಕೊಡೋ ಪರ್ಮಿಟ್, ಇಲ್ದೇ ಇದ್ರೆ ಅವರು ದುಡ್ಡಿಗೆ ಕೆಲಸ ಮಾಡೋ ಹಾಗಿಲ್ಲ, ಮಕ್ಕಳನ್ನ ನೋಡ್ಕೊಳ್ಳೋದೂ ಕೆಲಸಾನೇ. ಸಹಾಯ ಮಾಡೋಕೆ ಹೋಗಿ ಅವರ ವೀಸಾಗೆ ತೊಂದರೆ ಆಗೋದು ಬೇಡ. ಇವತ್ತು ನಿಮ್ಮ ಮಕ್ಕಳು ಅವರ ಮನೇಲಿ, ಶನಿವಾರ ಅವರ ಮಕ್ಕಳು ನಿಮ್ಮ ಮನೇಲಿ, ಹಾಗೆ ಮಾಡ್ಕೊಳ್ಳಿ.

ಎರಡು ವರ್ಷದ ಮಗು ಡೇಕೇರಿಗೆ ಹೋಗತ್ತೆ ಅಲ್ವಾ, ಡೇಕೇರ್ ಬೇರೆ ಲೆಕ್ಕ. ಸೇರಿಸೋ ಮುಂಚೆ ಕೇಳಿ, ಊರಿನ ಸ್ಕೂಲ್ ಮುಚ್ಚಿದ್ರೆ ನೀವೂ ಮುಚ್ತೀರಾ ಅಂತ. ಕೆಲವರು ಮುಚ್ತಾರೆ, ಕೆಲವರು ತಡವಾಗಿ ತೆಗೀತಾರೆ. ಮುಚ್ಚಿದ ದಿನಕ್ಕೂ ಸಾಮಾನ್ಯವಾಗಿ ಫೀಸ್ ತಗೋತಾರೆ, ಅಗ್ರಿಮೆಂಟಲ್ಲೇ ಬರೆದಿರತ್ತೆ. ಇನ್ನೊಂದು, ಅಲ್ಲಿನ ರೂಲ್ ಪ್ರಕಾರ ಕೈಗೂಸುಗಳ ರೂಮಲ್ಲಿ ಏಳು ಮಕ್ಕಳಿಗೆ ಇಬ್ಬರು ಟೀಚರ್ ಇರ್ಲೇಬೇಕು, ಸ್ವಲ್ಪ ದೊಡ್ಡೋವಕ್ಕೆ ಒಂಬತ್ತಕ್ಕೆ ಇಬ್ಬರು. ಟೀಚರೊಬ್ಬರ ಕಾರು ಸ್ನೋದಲ್ಲಿ ಸಿಕ್ಕಾಕ್ಕೊಂಡ್ರೆ ಆ ರೂಮಿಗೆ ಎಲ್ಲಾ ಮಕ್ಕಳನ್ನ ತಗೊಳ್ಳೋ ಹಾಗಿಲ್ಲ, ಅದಕ್ಕೇ ಏಳು ಗಂಟೆಗೆ ಓಪನ್ ಅಂದೋರು ಏಳೂಕಾಲಿಗೆ ಇಲ್ಲ ಅಂತಾರೆ. ಅವರ ಮೇಲೆ ಕೋಪ ಮಾಡ್ಕೋಬೇಡಿ. ಸಂಜೆ ತಡ ಆದ್ರೆ ನಿಮಿಷಕ್ಕೆ ಇಷ್ಟು ಅಂತ ಹಾಕ್ತಾರೆ, ಸ್ನೋ ದಿನ ಒಂದು ಗಂಟೆ ಮುಂಚೆನೇ ಆಫೀಸ್ ಬಿಡಿ.

ಬಟ್ಟೆ ಬಗ್ಗೆ ಕೇಳ್ತಿದ್ರಲ್ಲ, ಅದನ್ನೂ ಹೇಳ್ಬಿಡ್ತೀನಿ. ಬೆಂಗಳೂರಲ್ಲಿ ಇವತ್ತಿನ ತನಕ ದಾಖಲಾಗಿರೋ ಅತಿ ಕಡಿಮೆ ಟೆಂಪರೇಚರ್ 7.8 ಡಿಗ್ರಿ, ಅದೂ 1884ರ ಜನವರೀಲಿ. ಅಲ್ಲಿ ಜನವರೀಲಿ ಏಳು ಡಿಗ್ರಿ ಬಂದ್ರೆ ಮಕ್ಕಳು ಜಾಕೆಟ್ ಜಿಪ್ ಬಿಚ್ಕೊಂಡು ಆಡ್ತಾವೆ. ಅದಕ್ಕೇ ಇಲ್ಲಿಂದ ಸ್ವೆಟರ್ ಹೊತ್ಕೊಂಡು ಹೋಗ್ಬೇಡಿ, ಆ ಜಾಗದಲ್ಲಿ ಸಾರಿನ ಪುಡಿ ಇಟ್ಕೊಳ್ಳಿ. ಸ್ನೋ ಪ್ಯಾಂಟು, ವಾಟರ್‌ಪ್ರೂಫ್ ಬೂಟು, ಮಿಟನ್ಸ್ ಅಂದ್ರೆ ಬೆರಳು ಬೇರೆ ಬೇರೆ ಇಲ್ಲದ ಕೈಗವಸು ಎರಡು ಜೊತೆ, ಎಲ್ಲಾದ್ರ ಮೇಲೂ ಹೆಸರು ಬರೀರಿ, ಸ್ನೋ ಇದ್ರೂ ರೀಸೆಸ್ಸಿಗೆ, ಅಂದ್ರೆ ಆಟದ ಬಿಡುವಿಗೆ, ಹೊರಗೆ ಬಿಡ್ತಾರೆ.

ಕಾರ್ ಸೀಟ್ ವಿಷಯ ಮಾತ್ರ ದಯವಿಟ್ಟು ಮರೀಬೇಡಿ. ದಪ್ಪ ಜಾಕೆಟ್ ಹಾಕಿ ಮಗುಗೆ ಬೆಲ್ಟ್ ಹಾಕ್ಬಾರದು. ಒಂದ್ಸಲ ನೀವೇ ನೋಡಿ, ಜಾಕೆಟ್ ಮೇಲೆ ಬೆಲ್ಟ್ ಬಿಗಿ ಮಾಡಿ, ಆಮೇಲೆ ಸಡಿಲ ಮಾಡದೇ ಜಾಕೆಟ್ ತೆಗೆದು ಮತ್ತೆ ಅದೇ ಬೆಲ್ಟ್ ಹಾಕಿ, ನಿಮ್ಮ ಕೈ ಆರಾಮಾಗಿ ಒಳಗೆ ಹೋಗತ್ತೆ, ಆಕ್ಸಿಡೆಂಟ್ ಆದ್ರೆ ಅಷ್ಟೇ ಜಾಗದಲ್ಲಿ ಮಗು ಮುಂದಕ್ಕೆ ಹಾರತ್ತೆ. ಜಾಕೆಟ್ ತೆಗೆದು ಬೆಲ್ಟ್ ಬಿಗಿ ಮಾಡಿ, ಆಮೇಲೆ ಜಾಕೆಟನ್ನ ಹಿಂದುಮುಂದಾಗಿ ಹೊದಿಸಿ. ಹಾಗೇ, ಕಾರ್ ಬೆಚ್ಚಗಾಗ್ಲಿ ಅಂತ ಮಕ್ಕಳನ್ನ ಒಳಗೆ ಕೂರಿಸಿ ಎಂಜಿನ್ ಆನ್ ಮಾಡಿ ನೀವು ಸ್ನೋ ಎಳೀತಾ ನಿಲ್ಬೇಡಿ. ಹಿಂದಿನ ಹೊಗೆ ಪೈಪ್ ಸ್ನೋದಲ್ಲಿ ಮುಚ್ಚಿದ್ರೆ ಕಾರ್ಬನ್ ಮೊನಾಕ್ಸೈಡ್ ಕಾರೊಳಗೆ ತುಂಬತ್ತೆ, ಅದಕ್ಕೆ ವಾಸನೆ ಇಲ್ಲ, ಮಕ್ಕಳು ಮಲಗಿದಾವೆ ಅಂದ್ಕೋತೀರಾ. ಹೀಗೆ ಮಕ್ಕಳು ಹೋಗಿದಾವೆ. ಮೊದಲು ಪೈಪ್ ಸುತ್ತ ತೆಗೀರಿ, ಆಮೇಲೆ ಎಂಜಿನ್.

ಅಪ್ಪ ಅಮ್ಮನ್ನ ಚಳಿಗಾಲಕ್ಕೆ ಕರೆಸ್ಕೊಂಡ್ರೆ ಎಲ್ಲಾ ಸರಿಹೋಗತ್ತೆ ಅಂತ ಸುಮಾರು ಜನ ಅಂದ್ಕೋತಾರೆ. ನನ್ನ ಅಭಿಪ್ರಾಯ ಕೇಳಿದ್ರೆ, ಕರೆಸಿ, ಆದ್ರೆ ಮೇ ತಿಂಗಳಿಗೆ ಕರೆಸಿ. ಮೆಟ್ಟಿಲ ಮೇಲೆ ಕಣ್ಣಿಗೇ ಕಾಣದ ಐಸ್ ಇರತ್ತೆ, ಅರವತ್ತೈದು ದಾಟಿದೋರು ಜಾರಿದ್ರೆ ಸೊಂಟವೇ ಹೋಯ್ತು, ವಿಸಿಟರ್ ಇನ್ಶೂರೆನ್ಸಲ್ಲಿ ಎಷ್ಟು ಬರತ್ತೋ ಎಷ್ಟು ಕೈಯಿಂದ ಹೋಗತ್ತೋ. ಚಳಿಗಾಲದಲ್ಲೇ ಬಂದ್ರೆ ಮಕ್ಕಳ ಜೊತೆ ಒಳಗೇ ಇರ್ಲಿ, ಅಲ್ಲಿನ ಎಮರ್ಜೆನ್ಸಿ ನಂಬರ್ 911ಕ್ಕೆ ಫೋನ್ ಹೇಗೆ ಮಾಡೋದು, ಮನೆ ಅಡ್ರೆಸ್ ಏನು ಅಂತ ದೊಡ್ಡಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ.

ಇನ್ನು ಊರಿಗೆ ಬರೋ ಟಿಕೆಟ್. ಮ್ಯಾಸಚೂಸೆಟ್ಸಲ್ಲಿ ವರ್ಷಕ್ಕೆ 180 ದಿನ ಸ್ಕೂಲ್ ನಡೀಬೇಕು, ಕ್ಯಾಲೆಂಡರಲ್ಲಿ 185 ದಿನ ಹಾಕಿರ್ತಾರೆ, ಸ್ನೋಗೆ ಹೋದ ದಿನ ಜೂನಲ್ಲಿ ಸೇರ್ಕೊಳ್ಳತ್ತೆ. ನಮಗಿಂತ ಹಳಬರು ಇವತ್ತಿಗೂ 2014-15ರ ಚಳಿಗಾಲ ನೆನೆಸ್ಕೋತಾರೆ, ಬಾಸ್ಟನಲ್ಲಿ ಒಟ್ಟು ಒಂಬತ್ತು ಅಡಿ ಸ್ನೋ, ಅದೇ ಅಲ್ಲಿನ ರೆಕಾರ್ಡ್, ಆ ವರ್ಷ ಎಷ್ಟೋ ಊರಲ್ಲಿ ಜೂನ್ ಕೊನೇವರೆಗೂ ಸ್ಕೂಲ್ ನಡೀತು. ಅದಕ್ಕೇ ಹೇಳೋದು, ನವೆಂಬರಲ್ಲಿ ಟಿಕೆಟ್ ಅಗ್ಗ ಇದೆ ಅಂತ ಸ್ಕೂಲ್ ಮುಗಿಯೋ ಮಾರನೇ ದಿನಕ್ಕೆ ಬುಕ್ ಮಾಡ್ಬೇಡಿ. ಕ್ಯಾಲೆಂಡರಲ್ಲಿ ಆ ಐದು ಸ್ನೋ ದಿನಾನೂ ಸೇರಿಸಿ ಕೊನೇ ತಾರೀಕು ಅಂತ ಒಂದು ಹಾಕಿರ್ತಾರೆ, ಅದನ್ನ ನೋಡಿ, ಅದರ ಮೇಲೆ ಎರಡು ಮೂರು ದಿನ ಬಿಟ್ಟು ಮಾಡಿ. ಮಾರ್ಚ್ ಕಳೆದ ಮೇಲೆ ಸ್ಕೂಲಿನವರು ಹೊಸ ತಾರೀಕು ಕಳಿಸ್ತಾರೆ, ಅಜ್ಜಿಗೆ ಅಷ್ಟು ಹೊತ್ತಿಗೆ ಹೇಳಿದ್ರೆ ಸಾಕು.