ಮೇಲುಕೋಟೆ ಏರಿನಲ್ಲಿ ಕೈಕೊಟ್ಟ ಎಸಿ ಪಂಪು

ನಮ್ಮದು ಮಹೀಂದ್ರ ಸಿಜೆ 3ಬಿ, ಪೆಟ್ರೋಲ್ ಜೀಪು. ಅಪ್ಪನ ಕಾಲದಲ್ಲಿ ಆಲೆಮನೆಯಿಂದ ಮಂಡ್ಯಕ್ಕೆ ಬೆಲ್ಲ ಹೊತ್ತ ಗಾಡಿ. ಈಗ ವಾರಕ್ಕೊಮ್ಮೆ ನಾನು ಓಡಿಸಿದರೆ ಓಡಿತು, ಇಲ್ಲದಿದ್ದರೆ ಇಲ್ಲ.

ವೈರಮುಡಿಗೆ ಹೊರಟವರು ಜಕ್ಕನಹಳ್ಳಿ ದಾಟಿ ಏರು ಹಿಡಿದದ್ದೇ ತಡ, ಮುಕ್ಕರಿಸಿ ನಿಂತಿತು. ಬಿಸಿಲಿಗೆ ಪೆಟ್ರೋಲ್ ಆವಿಯಾಗಿರಬೇಕು ಎಂದುಕೊಂಡು ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪಿನ ಮೇಲೆ ಒದ್ದೆ ಟವೆಲ್ ಹೊದಿಸಿದೆ. ಎರಡು ತಿರುವು ಹೋಗಿ ಮತ್ತೆ ನಿಂತಿತು. ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬುರೇಟರ್ ಬಿಚ್ಚಿ, ಅದರ ಸಣ್ಣ ತೂತಿನ ಜೆಟ್ ಊದಿದ್ದೇ ಊದಿದ್ದು. ಕೊನೆಗೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಊರಿಗೆ ತಂದೆವು. ಆಯಿಲ್ ಕಡ್ಡಿ ಎಳೆದಾಗಲೇ ಗುಟ್ಟು ಬಯಲಾದದ್ದು: ಮಟ್ಟ ಏರಿದೆ, ಮೂಸಿದರೆ ಪೆಟ್ರೋಲ್ ವಾಸನೆ. ಪಂಪಿನೊಳಗಿನ ರಬ್ಬರ್ ಪೊರೆ, ಅಂದರೆ ಡಯಾಫ್ರಂ, ಹರಿದು ಪೆಟ್ರೋಲ್ ಇಂಜಿನ್ ಒಳಕ್ಕೇ ಇಳಿಯುತ್ತಿತ್ತು. ನೀರಾದ ಆ ಆಯಿಲ್‌ನಲ್ಲಿ ಓಡಿಸಿದರೆ ಬೇರಿಂಗ್ ಉಳಿಯುವುದಿಲ್ಲ. ಪಂಪು ಮುಟ್ಟುವ ಮೊದಲು ಅದನ್ನೆಲ್ಲ ಇಳಿಸಿದೆ.

ಮೆಕ್ಯಾನಿಕ್‌ಗಳು ಇದಕ್ಕೆ ಎಸಿ ಪಂಪು ಅನ್ನುತ್ತಾರೆ. ತಂಪು ಗಾಳಿಯ ಎಸಿ ಅಲ್ಲ, ಆಲ್ಬರ್ಟ್ ಚಾಂಪಿಯನ್ ಎಂಬಾತನ ಹೆಸರಿನ ಮೊದಲಕ್ಷರಗಳು. ಇಂಜಿನ್ ಒಳಗೆ ತಿರುಗುವ ಉಬ್ಬುಗಳ ದಂಡ, ಕ್ಯಾಮ್ ಶಾಫ್ಟ್, ಪಂಪಿನ ತೋಳನ್ನು, ಅಂದರೆ ಆರ್ಮನ್ನು, ತಳ್ಳಿದಾಗ ಡಯಾಫ್ರಂ ಕೆಳಗೆ ಸರಿದು ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತದೆ. ಅದನ್ನು ಕಾರ್ಬುರೇಟರಿಗೆ ತಳ್ಳುವುದು ಮಾತ್ರ ಕ್ಯಾಮ್ ಅಲ್ಲ, ಒಳಗಿನ ಸ್ಪ್ರಿಂಗು. ಕಾರ್ಬುರೇಟರ್ ತುಂಬಿದಾಗ ಡಯಾಫ್ರಂ ಕೆಳಗೇ ನಿಲ್ಲುತ್ತದೆ, ಆರ್ಮ್ ಸುಮ್ಮನೆ ಆಡುತ್ತಿರುತ್ತದೆ. ‘ಸ್ಪ್ರಿಂಗ್ ಸ್ವಲ್ಪ ಎಳೆದು ಹಾಕಿ, ಜೋರಾಗುತ್ತೆ’ ಎಂದ ಪುಣ್ಯಾತ್ಮರೂ ಸಿಕ್ಕರು. ಹಾಗೆ ಮಾಡಿದರೆ ಒತ್ತಡ ಹೆಚ್ಚಿ ಕಾರ್ಬುರೇಟರ್ ಉಕ್ಕುತ್ತದೆ.

ಬಿಚ್ಚುವ ಮೊದಲು ಪಂಪಿನ ಎರಡು ಹೋಳುಗಳ ಅಂಚಿನ ಮೇಲೆ ಅಡ್ಡಕ್ಕೆ ಅರದಿಂದ ಒಂದು ಗೀರು ಹಾಕಿದೆ. ಆ ಗುರುತಿಲ್ಲದಿದ್ದರೆ ಜೋಡಿಸುವಾಗ ಪೈಪಿನ ಬಾಯಿ ಎತ್ತಲೋ ತಿರುಗಿರುತ್ತದೆ. ಹಳೆ ಡಯಾಫ್ರಂ ಹಪ್ಪಳದಂತೆ ಸೆಟೆದಿತ್ತು. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್, ಹಳೆ ರಬ್ಬರಿಗೆ ಅದು ಆಗಿಬರುವುದಿಲ್ಲ. ಕಬ್ಬಿನ ಕಾಕಂಬಿಯಿಂದಲೂ ಎಥೆನಾಲ್ ಮಾಡುತ್ತಾರಲ್ಲ, ‘ನಾವು ಬೆಳೆದ ಕಬ್ಬೇ ನಮ್ ಜೀಪಿನ ರಬ್ಬರ್ ತಿಂತು ಕಣ್ಲಾ’ ಎಂದು ಚಿಕ್ಕಪ್ಪ ನಕ್ಕರು.

ಪಂಪಿನ ರಿಪೇರಿ ಕಿಟ್ ಮೈಸೂರಿನಲ್ಲಿ ಸಿಕ್ಕಿತು. ಸೀಮೆಎಣ್ಣೆಯಲ್ಲಿ ತೊಳೆದು, ಜೋಡಣೆಯ ಮುಖಗಳನ್ನು ಗಾಜಿನ ಮೇಲೆ ಎಮರಿ ಕಾಗದ ಇಟ್ಟು ಉಜ್ಜಿ ಸಮ ಮಾಡಿದೆ. ಹೊಸ ಡಯಾಫ್ರಂ ಕೂರಿಸಿ ಸ್ಕ್ರೂ ಬಿಗಿದೆ. ಜೀಪು ಚೆನ್ನಾಗಿಯೇ ಓಡಿತು, ಒಂದು ವಾರ. ಆಮೇಲೆ ಮತ್ತೆ ಕಡ್ಡಿಯಲ್ಲಿ ಅದೇ ವಾಸನೆ.

ಪಂಪು ಹೊತ್ತುಕೊಂಡು ಮೈಸೂರಿನ ಹಳೆ ಮೇಸ್ತ್ರಿಯೊಬ್ಬರ ಬಳಿ ಹೋದೆ. ಬಿಚ್ಚಿ ನೋಡಿದವರು ಕೇಳಿದ್ದು ಒಂದೇ: ‘ಗೌಡ್ರೇ, ಆರ್ಮ್ ಒತ್ತಿ ಹಿಡ್ಕೊಂಡು ಟೈಟ್ ಮಾಡಿದ್ರಾ?’

ಇಲ್ಲ. ಡಯಾಫ್ರಂ ಸ್ಪ್ರಿಂಗಿನ ಒತ್ತಡಕ್ಕೆ ಮೇಲಕ್ಕೆದ್ದಿದ್ದಾಗಲೇ ನಾನು ಸ್ಕ್ರೂ ಬಿಗಿದಿದ್ದೆ. ಆಗ ಅದಕ್ಕೆ ಕೆಳಗಿಳಿಯಲು ಸಡಿಲವೇ ಇರುವುದಿಲ್ಲ; ಪ್ರತಿ ಎಳೆತಕ್ಕೂ ಅಂಚಿನಲ್ಲಿ ಜಗ್ಗಿ ಜಗ್ಗಿ ಹರಿಯುತ್ತದೆ. ಎರಡನೇ ಸಲ ಸ್ಕ್ರೂಗಳನ್ನು ಬೆರಳಲ್ಲೇ ತಿರುಗಿಸಿ ನಿಲ್ಲಿಸಿ, ಆರ್ಮನ್ನು ಪೂರ್ತಿ ಒತ್ತಿ ಹಿಡಿದು, ಎದುರುಬದುರು ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿದೆ. ಒತ್ತಲು ಮಗಳನ್ನು ಕೂರಿಸಿಕೊಂಡೆ, ಒಬ್ಬನಿಗೆ ಎರಡು ಕೈ ಸಾಲದು. ಒಳಬರುವ ಬಾಯಿಗೆ ರಬ್ಬರ್ ಕೊಳವೆ ಸಿಕ್ಕಿಸಿ ಊದಿದರೆ ಗಾಳಿ ಹೋಗಬೇಕು, ಎಳೆದರೆ ಬರಬಾರದು. ಹೊರಹೋಗುವ ಬಾಯಿಯಲ್ಲಿ ಇದು ತಿರುವುಮುರುವು. ವಾಲ್ವ್ ಎರಡೂ ಸರಿಯಿದ್ದವು.

ಜೀಪಿಗೆ ಕೂರಿಸಿ, ಕೈಯಿಂದ ಪೆಟ್ರೋಲ್ ಎಳೆಯಲು ಪಂಪಿಗಿರುವ ಲಿವರ್ ಆಡಿಸಿದರೆ ಸಡಿಲ, ಎಳೆತವೇ ಇಲ್ಲ. ಎದೆ ಧಸಕ್ಕೆಂದಿತು. ಕ್ಯಾಮಿನ ಉಬ್ಬು ಆರ್ಮನ್ನು ಒತ್ತಿಕೊಂಡು ನಿಂತಿದ್ದರೆ ಹೀಗಾಗುತ್ತದೆ. ಹ್ಯಾಂಡಲ್ ಹಾಕಿ ಇಂಜಿನ್ ಒಂದು ಸುತ್ತು ತಿರುಗಿಸಿದೆ, ಕ್ಯಾಮ್ ಅರ್ಧ ಸುತ್ತು ತಿರುಗಿತು. ಆಮೇಲೆ ಹತ್ತು ಸಲ ಆಡಿಸುವಷ್ಟರಲ್ಲಿ ಪಂಪಿನ ಗಾಜಿನ ಬಟ್ಟಲು ಪೆಟ್ರೋಲಿನಿಂದ ತುಂಬಿತು.

ಮೇಲುಕೋಟೆ ಏರನ್ನು ಇನ್ನೂ ಹತ್ತಿಸಿಲ್ಲ. ಪ್ರತಿ ಭಾನುವಾರ ಕಡ್ಡಿ ಎಳೆದು ಮೂಸುತ್ತಿದ್ದೇನೆ.