ತೆಳು ಲ್ಯಾಪ್‌ಟಾಪ್ ಕೊಳ್ಳುವ ಮುಂಚೆ ರ‍್ಯಾಮ್ ನೋಡಿ

ದಿನಾ ಬಸ್ಸು, ಮೆಟ್ರೋ ಅಂತ ಓಡಾಡುವವರು ಆಫೀಸ್ ಕೆಲಸಕ್ಕೆ ಲ್ಯಾಪ್‌ಟಾಪ್ ಹುಡುಕುತ್ತಿದ್ದರೆ ಲೆನೊವೊ ಕಂಪನಿಯ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್ ಥರದ್ದನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಪರದೆ 14 ಇಂಚು, ತೂಕ ಸುಮಾರು 1.1 ಕೆಜಿ ಅಷ್ಟೇ. ಮೈಯಲ್ಲಿ ಕಾರ್ಬನ್ ಫೈಬರ್ ಇರುವುದರಿಂದ ಹಗುರವಾದರೂ ಗಟ್ಟಿ. ಕೀಬೋರ್ಡ್ ಬಗ್ಗೆ ಹೇಳಲೇಬೇಕು. ದಿನವಿಡೀ ಟೈಪ್ ಮಾಡುವವರಿಗೆ ಇದೇ ದೊಡ್ಡ ಲಾಭ ಅಂತ ನನಗನ್ನಿಸುತ್ತದೆ. ಕೀಲಿಗಳ ಮಧ್ಯದಲ್ಲಿರುವ, ಮೌಸ್ ಥರ ಕರ್ಸರ್ ಸರಿಸುವ ಕೆಂಪು ಗುಂಡಿ ಮೊದಲ ವಾರ ಕಿರಿಕಿರಿ ಮಾಡುತ್ತದೆ, ಆಮೇಲೆ ಬಿಡೋಕಾಗಲ್ಲ!

ಈಗ ಮುಖ್ಯ ವಿಷಯ. ಇದರ ರ‍್ಯಾಮ್ ಅನ್ನು (ತೆರೆದ ಕೆಲಸಗಳನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮೆಮೊರಿ) ಒಳಗಿನ ಮುಖ್ಯ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಆಮೇಲೆ ಜಾಸ್ತಿ ಮಾಡಲು ಆಗುವುದಿಲ್ಲ. ಹಾಗಾಗಿ 8 ಜಿಬಿ ಸಾಕು ಅಂತ ದುಡ್ಡು ಉಳಿಸಬೇಡಿ, 16 ಜಿಬಿಯದ್ದೇ ತಗೊಳ್ಳಿ. ಎಸ್‌ಎಸ್‌ಡಿ (ಫೈಲುಗಳನ್ನು ಇಡುವ ಡ್ರೈವ್) ಬೇಕಾದರೆ ಮುಂದೆ ಬದಲಿಸಬಹುದು.

ಈಚಿನ ಮಾಡೆಲ್‌ಗಳು ಟೈಪ್-ಸಿಯಲ್ಲೇ ಚಾರ್ಜ್ ಆಗುತ್ತವೆ. 65 ವ್ಯಾಟ್‌ನ ಒಂದು ಒಳ್ಳೆ ಚಾರ್ಜರ್ ಇದ್ದರೆ ಫೋನಿಗೂ ಅದೇ ಸಾಕು. ಮನೆಯಲ್ಲಿ ಸದಾ ಪ್ಲಗ್ ಹಾಕಿಯೇ ಇಡುತ್ತೀರಾ? ಹಾಗಾದರೆ ಲೆನೊವೊದ್ದೇ ಆದ ವ್ಯಾಂಟೇಜ್ ಆ್ಯಪ್‌ನಲ್ಲಿ ಚಾರ್ಜಿಂಗ್ ಮಿತಿಯನ್ನು ಶೇ. 80ಕ್ಕೆ ಇಳಿಸಿ, ಬ್ಯಾಟರಿ ಹೆಚ್ಚು ದಿನ ಬಾಳುತ್ತದೆ. ಆಫೀಸಿನಲ್ಲಿ ನೆಟ್‌ವರ್ಕ್ ಕೇಬಲ್ ಬಳಸುವವರು, ಇದರಲ್ಲಿ ಅದನ್ನು ಚುಚ್ಚುವ ಜಾಗ ಇಲ್ಲದ್ದರಿಂದ, ಸಣ್ಣ ಅಡಾಪ್ಟರ್ ಬ್ಯಾಗಿನಲ್ಲಿ ಇಟ್ಟುಕೊಳ್ಳಿ.

ಗೇಮ್, ದೊಡ್ಡ ವಿಡಿಯೋ ಎಡಿಟಿಂಗ್ ಅಂದರೆ ಮಾತ್ರ ಇದು ಬೇಡ. ಬೇಗ ಬಿಸಿಯಾಗುತ್ತದೆ, ವೇಗವೂ ಇಳಿಯುತ್ತದೆ.