ಸೇನಾ ಉಗ್ರಾಣಕ್ಕೆ ಸಾಫ್ಟ್‌ವೇರ್: ಮೊದಲು ಪಟ್ಟಿ, ಆಮೇಲೆ ಸ್ಕ್ರೀನ್

ಸೇನಾ ಉಗ್ರಾಣದ ಸಾಫ್ಟ್‌ವೇರ್‌ನಲ್ಲಿ ಒಂದು ಭಾಗವನ್ನು ಉಪಗುತ್ತಿಗೆ ಹಿಡಿದ ಶಿವಮೊಗ್ಗದ ಸಣ್ಣ ತಂಡ ಮೊದಲ ವಾರವೇ ಸ್ಕ್ರೀನ್ ವಿನ್ಯಾಸಕ್ಕೆ ಕೂರಬಾರದು. ಮೊದಲ ಆರು ವಾರ ವಸ್ತುಪಟ್ಟಿಗೇ ಹೋಗಲಿ. ಇಂಥ ಯೋಜನೆ ಕೆಡುವುದು ಹೆಚ್ಚಾಗಿ ಅಲ್ಲೇ.

ಅಡಿಕೆ ಮಂಡಿ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಲ್ಲವನ್ನೂ ‘ಅಡಿಕೆ, ಇಷ್ಟು ಕ್ವಿಂಟಾಲ್’ ಎಂದು ಒಂದೇ ಸಾಲಿಗೆ ಸೇರಿಸಿದರೆ ಆ ಲೆಕ್ಕ ಇಟ್ಟುಕೊಂಡು ಯಾರೂ ವ್ಯಾಪಾರ ಮಾಡಲಾರರು. ಸೇನೆಯ ಉಗ್ರಾಣದಲ್ಲಿ, ಅಂದರೆ ಡಿಪೋದಲ್ಲಿ, ಇದರ ಜೊತೆ ಉಲ್ಟಾ ತೊಂದರೆಯೂ ಇರುತ್ತದೆ. ಒಂದೇ ಬೋಲ್ಟು ಮೂರು ಲೆಡ್ಜರ್‌ನಲ್ಲಿ ಮೂರು ಹೆಸರಲ್ಲಿ ಇರುತ್ತದೆ. ಒಂದು ಕಪಾಟಿನಲ್ಲಿ ಮಾಲು ಕೊಳೆಯುತ್ತಿರುವಾಗಲೇ ಅದೇ ಮಾಲಿಗೆ ಖರೀದಿ ಇಂಡೆಂಟ್ ಹೋಗುತ್ತದೆ.

ಇದಕ್ಕೆ ಪರಿಹಾರವಾಗಿ ನ್ಯಾಟೊ (ಅಮೆರಿಕ, ಯುರೋಪಿನ ಸೇನಾ ಒಕ್ಕೂಟ) ಪದ್ಧತಿಯ 13 ಅಂಕಿಗಳ ಸಂಖ್ಯೆ ಇದೆ. ಮೊದಲ 4 ಅಂಕಿ ವಸ್ತುವಿನ ವರ್ಗ, ಮುಂದಿನ 2 ದೇಶ (ಭಾರತಕ್ಕೆ 72), ಉಳಿದ 7 ಆ ವಸ್ತುವಿನದೇ. ವರ್ಗ ಪರಿಷ್ಕರಣೆಯಾದಾಗ ಮೊದಲ 4 ಬದಲಾಗಬಹುದು, ಕೊನೆಯ 9 ಬದಲಾಗುವುದಿಲ್ಲ. ಹಾಗಾಗಿ ವಸ್ತುವನ್ನು ಗುರುತಿಸಲು ಆ 9 ಅಂಕಿಯನ್ನೇ ಆಧಾರವಾಗಿ ಇಡಿ, ವರ್ಗ ಬೇರೆ ಕಾಲಂನಲ್ಲಿರಲಿ. ಸಂಖ್ಯೆಯನ್ನು ಟೆಕ್ಸ್ಟ್ ಆಗಿಯೇ ಉಳಿಸಿ. ಅಮೆರಿಕದ ಕೋಡ್ 00 ಅಥವಾ 01ರಿಂದ ಶುರುವಾಗುತ್ತದೆ. ಎಕ್ಸೆಲ್‌ನಲ್ಲಿ ಸುಮ್ಮನೆ ತೆರೆದರೆ ಮೊದಲಿನ ಸೊನ್ನೆಗಳು ಹಾರಿಹೋಗಿ 9 ಅಂಕಿ 8ಕ್ಕೋ 7ಕ್ಕೋ ಇಳಿಯುತ್ತದೆ. ಈ ಸಂಖ್ಯೆ ಇಲ್ಲದ ಹಳೆಯ ಮಾಲು ಬೇಕಾದಷ್ಟು ಸಿಗುತ್ತದೆ. ಅವುಗಳ ಕ್ಯಾಟಲಾಗ್ ಸಂಖ್ಯೆ, ತಯಾರಕರ ಪಾರ್ಟ್ ನಂಬರ್ ಎರಡನ್ನೂ ಪ್ರತ್ಯೇಕ ಕೋಷ್ಟಕದಲ್ಲಿ ಜೋಡಿಸಿಡಿ, ಯಾವುದನ್ನೂ ಅಳಿಸಬೇಡಿ.

ಅಳತೆಯ ಮೂಲಮಾನ ಇನ್ನೂ ದೊಡ್ಡ ಬಲೆ. ಕೇಬಲ್ ಖರೀದಿಯಾಗುವುದು 100 ಮೀಟರ್ ಸುರುಳಿಯಲ್ಲಿ, ಕೊಡುವುದು ಮೀಟರ್ ಲೆಕ್ಕದಲ್ಲಿ. ‘1’ ಎಂದು ಬರೆದಿದ್ದು ಸುರುಳಿಯೋ ಮೀಟರೋ ಎಂಬುದು ಆರು ತಿಂಗಳಾದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಲೆಕ್ಕ ಇಡುವುದು ಯಾವಾಗಲೂ ಅತಿ ಚಿಕ್ಕ ಮೂಲಮಾನದಲ್ಲಿ. ಸುರುಳಿ, ಡಬ್ಬ, ಕ್ರೇಟು ಇವೆಲ್ಲ ಬರೀ ಪರಿವರ್ತನೆಯ ಗುಣಕಗಳು. ಆ ಗುಣಕವನ್ನು ಒಬ್ಬರು ತುಂಬಲಿ, ಇನ್ನೊಬ್ಬರು ಪರಿಶೀಲಿಸಲಿ.

ಪಟ್ಟಿ ಒಂದು ಹದಕ್ಕೆ ಬಂದ ಮೇಲೆ ಉಳಿದ ಪಡೆಗಳತ್ತ ನೋಡಿ. ಭೂಸೇನೆಗೆ ಕೆಲಸ ಮಾಡುವವರು ಭೂಸೇನೆಯನ್ನಷ್ಟೇ ಕೇಳುವುದು ದೊಡ್ಡ ನಷ್ಟ. ನೌಕಾಪಡೆಗೆ ಐಎಲ್‌ಎಂಎಸ್, ವಾಯುಪಡೆಗೆ ಇಮ್ಮೋಲ್ಸ್ ಎಂಬ ದಾಸ್ತಾನು ಲೆಕ್ಕದ ಸ್ವಂತ ಕಂಪ್ಯೂಟರ್ ವ್ಯವಸ್ಥೆಗಳಿವೆ, ಭೂಸೇನೆಯ ಆರ್ಡ್‌ನೆನ್ಸ್ (ಶಸ್ತ್ರಾಸ್ತ್ರ, ಸಾಮಗ್ರಿ) ಡಿಪೋಗಳಿಗೆ ಸಿಐಸಿಪಿ ಇದೆ. ಒಂದೊಂದು ಪಡೆಯ ಕಷ್ಟ ಒಂದೊಂದು ಪಾಠ ಕಲಿಸುತ್ತದೆ. ಹಡಗು ವಾರಗಟ್ಟಲೆ ಕಡಲಲ್ಲಿರುತ್ತದೆ, ಆದ್ದರಿಂದ ಸಂಪರ್ಕವಿಲ್ಲದೆ ಲೆಕ್ಕ ಇಡುವುದನ್ನು ನೌಕಾಪಡೆಯಿಂದ ಕಲಿಯಿರಿ. ವಿಮಾನದ ಬಿಡಿಭಾಗಕ್ಕೆ ಹಾರಾಟದ ಗಂಟೆಗಳಲ್ಲಿ ಆಯುಷ್ಯ ಇರುತ್ತದೆ, ಹಾಗಾಗಿ ಒಂದೊಂದು ಭಾಗದ ಸೀರಿಯಲ್ ಸಂಖ್ಯೆಗೂ ಜಾತಕ ಬರೆದಿಡುವ ಶಿಸ್ತು ವಾಯುಪಡೆಯದು. ಅವರ ಉಗ್ರಾಣದವರು ಭೇಟಿಗೆ ಸಿಕ್ಕರೆ ‘ನಿಮ್ಮ ಸಿಸ್ಟಮ್ ಹೇಗಿದೆ’ ಎಂದು ಕೇಳಬೇಡಿ. ‘ಕಂಪ್ಯೂಟರ್ ಇದ್ದರೂ ಇನ್ನೂ ಯಾವ ಪುಸ್ತಕದಲ್ಲಿ ಕೈಯಲ್ಲಿ ಬರೆಯುತ್ತೀರಿ, ಯಾಕೆ?’ ಎಂದು ಕೇಳಿ. ಆ ಪುಸ್ತಕದಲ್ಲಿರುವುದು ನಿಮ್ಮ ಸಾಫ್ಟ್‌ವೇರ್‌ನಲ್ಲಿ ಇರಲೇಬೇಕಾದದ್ದು.

ಸೋಲಿನಿಂದ ಕಲಿಯಲು ಅಮೆರಿಕದ ವಾಯುಪಡೆಯ ಇಸಿಎಸ್‌ಎಸ್ ಎಂಬ ಸರಬರಾಜು ಸಾಫ್ಟ್‌ವೇರ್ ಯೋಜನೆ ಸಾಕು. 200ಕ್ಕೂ ಹೆಚ್ಚು ಹಳೆಯ ವ್ಯವಸ್ಥೆಗಳನ್ನು ಒಟ್ಟಿಗೆ ತೆಗೆದು ಒಂದನ್ನೇ ತರಲು ಹೊರಟು, ಸುಮಾರು 100 ಕೋಟಿ ಡಾಲರ್ ಸುರಿದು, 2012ರ ನವೆಂಬರ್‌ನಲ್ಲಿ ಕೈಬಿಟ್ಟರು. ಹಳೆಯ ವ್ಯವಸ್ಥೆಗಳಲ್ಲಿ ಏನೇನಿದೆ ಎಂಬ ಸ್ಪಷ್ಟ ಚಿತ್ರವೇ ಅವರಲ್ಲಿರಲಿಲ್ಲ, ಮುಖ್ಯಸ್ಥರೂ ಪದೇಪದೇ ಬದಲಾದರು. ಅದೇ ದೇಶದ ಭೂಸೇನೆ ಅಂಥದ್ದೇ ವ್ಯವಸ್ಥೆಯಾದ ಜಿಸಿಎಸ್‌ಎಸ್-ಆರ್ಮಿಯನ್ನು ಎರಡು ಹಂತಗಳಲ್ಲಿ ತಂದಿತು. ಮೊದಲು ಉಗ್ರಾಣದ ದಾಸ್ತಾನು, ಆಮೇಲೆ ಘಟಕಗಳ ಆಸ್ತಿ ಪುಸ್ತಕ ಮತ್ತು ದುರಸ್ತಿ. ಅದು ಗಟ್ಟಿಯಾಗಿ ನೆಲೆಯೂರಿತು. ನಿಮ್ಮ ಮುಂದಿರುವ ಅಧಿಕಾರಿಗೂ ಎರಡು-ಮೂರು ವರ್ಷಕ್ಕೆ ವರ್ಗಾವಣೆ ಬರುತ್ತದೆ. ಪ್ರತಿ ತೀರ್ಮಾನವನ್ನೂ ಕಾರಣ, ದಿನಾಂಕ, ಸಹಿಯೊಂದಿಗೆ ಒಂದು ಪುಟದಲ್ಲಿ ಬರೆಸಿಕೊಳ್ಳಿ. ಇಲ್ಲವಾದರೆ ಹೊಸಬರು ಬಂದಾಗ ಮೊದಲಿಂದ ಶುರು.

ಸಂಪರ್ಕ ಕಡಿದಾಗಿನ ಪರೀಕ್ಷೆಗೆ ನಮ್ಮ ಮಲೆನಾಡಿಗಿಂತ ಒಳ್ಳೆಯ ಜಾಗ ಬೇಕಿಲ್ಲ. ಗಿರಾಕಿಯ ಲಿಖಿತ ಒಪ್ಪಿಗೆ ಪಡೆದು, ಸಿಂಕ್ (ಟ್ಯಾಬ್ಲೆಟ್, ಸರ್ವರ್‌ಗಳ ಲೆಕ್ಕವನ್ನು ಒಂದಕ್ಕೊಂದು ಹೊಂದಿಸುವ) ಭಾಗವನ್ನಷ್ಟೇ, ಕೃತಕ ದತ್ತಾಂಶದೊಂದಿಗೆ, ಜುಲೈ ಮಳೆಯಲ್ಲಿ ಆಗುಂಬೆಗೋ ಹುಲಿಕಲ್‌ಗೋ ಒಯ್ಯಿರಿ. ನಿಜವಾದ ದಾಸ್ತಾನಿನ ಒಂದು ಸಾಲೂ ಡಿಪೋದ ಗೇಟು ದಾಟಬಾರದು. ಮೂರು ಟ್ಯಾಬ್ಲೆಟ್, ಒಂದು ಲ್ಯಾಪ್‌ಟಾಪ್ ಸರ್ವರ್, ಐದು ದಿನ ಸಾಕು. ಒಂದು ಟ್ಯಾಬ್ಲೆಟ್‌ನ ಗಡಿಯಾರವನ್ನು ಬೇಕೆಂದೇ ಎರಡು ಗಂಟೆ ಹಿಂದೆ ಇಡಿ. ಸಿಂಕ್ ನಡೆಯುತ್ತಿರುವಾಗ ಒಂದರ ಬ್ಯಾಟರಿ ಖಾಲಿಯಾಗಲು ಬಿಡಿ. ಕೆಟ್ಟದ್ದೆಲ್ಲ ಆಗ ಹೊರಬರುತ್ತದೆ: ಒಂದೇ ವೋಚರ್ ಎರಡು ಸಲ ಬರುತ್ತದೆ, ರಶೀದಿಗಿಂತ ಮೊದಲು ವಿತರಣೆ ಬಂದು ದಾಸ್ತಾನು ಸೊನ್ನೆಗಿಂತ ಕೆಳಗಿಳಿಯುತ್ತದೆ.

ಪರಿಹಾರ ಹೀಗೆ. ಸಿಂಕ್ ಆಗಬೇಕಾದ್ದು ವಹಿವಾಟು, ಬಾಕಿ (ಉಳಿದ ದಾಸ್ತಾನಿನ) ಮೊತ್ತವಲ್ಲ. ಎರಡು ಕಡೆಯಿಂದ ಬಾಕಿ ಬಂದರೆ ಕೊನೆಗೆ ಬಂದದ್ದು ಮೊದಲಿನದನ್ನು ಅಳಿಸಿಬಿಡುತ್ತದೆ. ಪ್ರತಿ ವಹಿವಾಟಿಗೆ ಯಂತ್ರದ ಗುರುತು ಮತ್ತು ಆ ಯಂತ್ರದ ಕ್ರಮಸಂಖ್ಯೆ ಸೇರಿಸಿ, ಗಡಿಯಾರವನ್ನು ನಂಬಬೇಡಿ. ಅದೇ ಜೋಡಿ ಮತ್ತೆ ಬಂದರೆ ಸರ್ವರ್ ‘ತಲುಪಿದೆ’ ಎಂದಷ್ಟೇ ಉತ್ತರಿಸಲಿ. ಸೊನ್ನೆಗಿಂತ ಕೆಳಗಿಳಿಸುವ ವಿತರಣೆಯನ್ನು ತಿರಸ್ಕರಿಸಬೇಡಿ, ಮಾಲು ಆಗಲೇ ಲಾರಿ ಹತ್ತಿರುತ್ತದೆ. ಅದು ‘ಪರಿಶೀಲನೆಗೆ ಬಾಕಿ’ ಪಟ್ಟಿಯಲ್ಲಿ ಕೂರಲಿ. ಪ್ರತಿ ಸಂಜೆ ಒಬ್ಬರು ಆ ಪಟ್ಟಿ ನೋಡುವಂತಿರಲಿ.

ಹೊಸದಕ್ಕೆ ದಾಟುವಾಗ ಒಂದೇ ಶೆಡ್‌ನಿಂದ ಶುರುಮಾಡಿ. 200 ವಸ್ತು ಎಣಿಸಿ: ನೂರನ್ನು ಲೆಡ್ಜರ್‌ನಿಂದ ಕಪಾಟಿಗೆ, ನೂರನ್ನು ಕಪಾಟಿನಿಂದ ಲೆಡ್ಜರ್‌ಗೆ. ಮೊದಲನೆಯದರಲ್ಲಿ ಕಾಣೆಯಾದ ಮಾಲು ಸಿಕ್ಕಿಬೀಳುತ್ತದೆ, ಎರಡನೆಯದರಲ್ಲಿ ಲೆಕ್ಕಕ್ಕೇ ಬಾರದ ಮಾಲು. 190 ತಾಳೆಯಾಗುವವರೆಗೆ ದತ್ತಾಂಶ ಏರಿಸಬೇಡಿ. ಹಳೆಯದು, ಹೊಸದು ಎರಡನ್ನೂ ಮೂರು ತಿಂಗಳ ಮುಕ್ತಾಯದವರೆಗೆ ಜೊತೆಯಲ್ಲೇ ನಡೆಸಿ. ಅದಕ್ಕಿಂತ ಹೆಚ್ಚು ಎಳೆದರೆ ಸಿಬ್ಬಂದಿ ದಣಿದು ಒಂದನ್ನು ನೋಡಿ ಇನ್ನೊಂದಕ್ಕೆ ನಕಲು ಮಾಡತೊಡಗುತ್ತಾರೆ, ತಾಳೆಗೆ ಅರ್ಥವೇ ಉಳಿಯುವುದಿಲ್ಲ.

ಕೊನೆಯ ದಿನ ಹಳೆಯ ಲೆಡ್ಜರ್‌ನ ಪ್ರತಿ ಪುಟದಲ್ಲೂ ಕೊನೆಯ ಸಾಲಿನ ಕೆಳಗೆ ಕೆಂಪು ಗೆರೆ ಎಳೆಸಿ, ಕೊನೆಯ ವೋಚರ್ ಸಂಖ್ಯೆ ಬರೆಸಿ, ಉಗ್ರಾಣಾಧಿಕಾರಿಯ ಸಹಿ ಹಾಕಿಸಿ. ಹೊಸ ವ್ಯವಸ್ಥೆಯ ಮೊದಲ ವೋಚರ್ ಅದರ ಮುಂದಿನ ಸಂಖ್ಯೆಯಿಂದಲೇ ಶುರುವಾಗಲಿ.